ಫಿನಾಯಿಲ್ ವಾಸನೆ, ನಮ್ಮತ್ತೆಯ ಉಸಿರು

ಬಕೆಟ್ಟಿನ ನೀರಿಗೆ ಇನ್ನೊಂದು ಮುಚ್ಚಳ ಫಿನಾಯಿಲ್ ಸುರಿದು, ಅರಿವೆ ಅದ್ದಿ ನಡುಮನೆ ಒರೆಸುತ್ತಿದ್ದೆ. ಪುಷ್ಯ ಮಾಸದ ಮುಂಜಾನೆ. ಥಂಡಿ ಒಳಗೆ ಬರಬಾರದೆಂದು ಬಾಗಿಲು, ಕಿಟಕಿ ಎಲ್ಲ ಮುಚ್ಚಿದ್ದೆ. ಪಕ್ಕದ ಮನೆಯ ಶರೀಫಾಬಿ ಹೊರಗಿನಿಂದ ಬಾಗಿಲು ಬಡಿದಳು.

"ಅಕ್ಕಾ, ಲಗೂ ಬರ್ರಿ. ನಿಮ್ಮ ಅತ್ತಿಯವ್ರಿಗೆ ಉಸರು ಹಿಡದದ."

ಅತ್ತೆ ಕಟ್ಟೆಯ ಮೇಲೆ ಕುಳಿತಿದ್ದರು. ಎರಡೂ ಕೈ ಮೊಣಕಾಲ ಮೇಲೆ ಊರಿದ್ದರು. ಎದೆಯೊಳಗೆ ಸಿಳ್ಳೆ ಊದಿದಂತೆ ಸದ್ದು. ತುಟಿ ನೀಲಿ.

ಕರೆದರೆ ಓಗೊಡಲಿಲ್ಲ.

ಒಂದು ತಿಂಗಳಿಂದ ಕೆಮ್ಮು ಇದ್ದದ್ದು ನಿಜ. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ, ಕುಳಿತೇ ನಿದ್ದೆ ಮಾಡುತ್ತಿದ್ದರು. ಥಂಡಿಯ ಕಾಟ ಅಂದುಕೊಂಡು ನಾನು ಕಿಟಕಿಯ ಸಂದಿಗೂ ಅರಿವೆ ತುರುಕಿದ್ದೆ. ಜಡ್ಡಿನ ಮನೆ ಸ್ವಚ್ಛ ಇರಲೆಂದು ಫಿನಾಯಿಲ್ ಹೆಚ್ಚಿಸಿದ್ದೆ. ನಾನು ಒರೆಸಲು ಕೂತರೆ ಅವರು ಎದ್ದು ಚಳಿಯಲ್ಲೇ ಹೊರಗೆ ಹೋಗುವರು. ಹಟ ಅಂದುಕೊಂಡೆ. ಈ ವರ್ಷವೇ ಮಣ್ಣಿನ ನೆಲ ತೆಗೆಸಿ ಶಹಾಬಾದ ಕಲ್ಲು ಹಾಸಿಸಿದ್ದೆವು. ಸಗಣಿ ಸಾರಿಸುವ ನೆಲವೇ ಇರಲಿ ಎಂದು ಅವರು ಹೇಳಿದ್ದು ನಡೆದಿರಲಿಲ್ಲ. ಹಾಗಾಗಿ ಒಂದು ದಿನ, "ನೆಲ ಹೊಳದ್ರ ಸಾಕೇನ್ ಬೇ, ಮನ್ಯಾಗ ಇದ್ದವರು ಉಸರಾಡೂದು ಬ್ಯಾಡೇನು" ಅಂದಾಗ ಅದನ್ನು ಕೊಂಕು ಎಂದು ನುಂಗಿಕೊಂಡೆ. ಅವರು ತಮ್ಮ ಜಡ್ಡನ್ನೇ ಹೇಳಿದ್ದರು. ನಾನು ಸೊಸೆಯ ಕಿವಿಯಿಂದ ಕೇಳಿದ್ದೆ.

ನಮ್ಮ ಮನೆಯವರು ಹೊಲಕ್ಕೆ ಹೋಗಿದ್ದರು. ಶರೀಫಾಬಿಯೇ ಜೊತೆಗೆ ಬಂದಳು. ನಮ್ಮೂರು ಮಾದನಹಿಪ್ಪರಗಾದಿಂದ ಆಳಂದಕ್ಕೆ ಹೋಗುವ ಬಸ್ಸು ಅಂದು ಹೊತ್ತಿಗೆ ಸರಿಯಾಗಿ ಬಂತು. ಕಂಡಕ್ಟರ್ ಮುಂದಿನ ಸೀಟು ಬಿಡಿಸಿಕೊಟ್ಟ. ದವಾಖಾನೆಯಲ್ಲಿ ಡಾಕ್ಟರ್ ಇನ್ನೂ ಕುರ್ಚಿಯಲ್ಲೇ ಇದ್ದರು. ಇವು ಸಣ್ಣ ಮಾತಲ್ಲ. ಒಂದೊಂದಕ್ಕೂ ಶಿವನಿಗೆ ಕೈ ಮುಗಿದೆ.

ಇಂಜೆಕ್ಷನ್ ಕೊಟ್ಟು ಆಕ್ಸಿಜನ್ ಹಚ್ಚಿದರು. ಮಧ್ಯಾಹ್ನದ ಹೊತ್ತಿಗೆ ತುಟಿಗೆ ಬಣ್ಣ ಬಂತು. ಅಸ್ತಮಾ ಎಂದರು. ಇನ್ನೊಮ್ಮೆ ಹೀಗೆ ಬಂದು, ತಡವಾದರೆ ಉಳಿಸುವುದು ಕಷ್ಟ ಎಂದರು. ಯಾವಾಗ ಹೆಚ್ಚಾಗುತ್ತದೆ ಎಂದು ಅತ್ತೆಯನ್ನೇ ಕೇಳಿದರು. ಅತ್ತೆ ನನ್ನ ಕಡೆ ಒಮ್ಮೆ ನೋಡಿದರು.

"ಥಂಡಿಗ್ರಿ ಸಾಹೇಬ್ರ. ವಯಸ್ಸೂ ಆತು."

ನನ್ನನ್ನು ಕಾಯ್ದರು.

ಮೂಗಿಗೆ ನಳಿಗೆ ಹಾಕಿಸಿಕೊಂಡೂ ಸೊಸೆಯ ಮಾನ ಕಾಯ್ದರು. ನಾನು ಸುಮ್ಮನಿದ್ದರೆ ಆ ಮಾನ ಉಳಿಯುತ್ತಿತ್ತು, ಅವರ ಉಸಿರು ಉಳಿಯುತ್ತಿರಲಿಲ್ಲ.

"ನಾ ನೆಲ ಒರಸಿದಾಗ್ರಿ," ಅಂದೆ. "ಬಾಗಲಾ ಹಾಕ್ಕೊಂಡು ಫಿನಾಯಿಲ್ ಒರಸ್ತೇನಿ."

ಎಷ್ಟು ಹಾಕುತ್ತೀರಿ ಎಂದರು. ಮನೆಯೆಲ್ಲ ವಾಸನೆ ಬರುವ ತನಕ ಎಂದೆ. ಡಾಕ್ಟರ್ ಬೈಯಲಿಲ್ಲ. ಕಟುವಾಸನೆ, ಧೂಳು, ಹೊಗೆ ಇವರ ಹತ್ತಿರ ಸುಳಿಯಬಾರದು. ಕಿಟಕಿ ತೆರೆದಿಡಿ, ಮನುಷ್ಯರನ್ನು ಬೆಚ್ಚಗಿಡಿ ಎಂದರು.

ಅವರು ಆಚೆ ಹೋದ ಮೇಲೆ ಅತ್ತೆ, "ಇನ್ನ ಮಂದಿ, ಸೊಸಿ ಅತ್ತಿಗೆ ವಿಷಾ ಹಾಕ್ಯಾಳ ಅಂತಾರ ನೋಡು" ಎಂದು ನಕ್ಕರು. ನಗು ಕೆಮ್ಮಾಯಿತು. ಬೆನ್ನು ನೀವಿದೆ.

ಫಿನಾಯಿಲ್ ಬಾಟಲಿ ಮನೆಯಿಂದ ಹೊರಬಿತ್ತು. ಒಣ ಕಸಬರಿಗೆ ಬಂದ್. ಈಗ ಬೇವಿನೆಲೆ ಕುದಿಸಿದ ನೀರು, ಅದರಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಅರಿವೆ. ತೊಗರಿ ಕಟ್ಟಿಗೆಯ ಹೊಗೆ ಬೇಡವೆಂದು ನೀರೊಲೆಯನ್ನು ಹಿತ್ತಲಿಗೆ ಒಯ್ದೆ. ಪಾತ್ರೆ ತಿಕ್ಕಲು ಬೂದಿ, ಅದೂ ಒದ್ದೆ ಮಾಡಿ, ಹೊರಗೆ. ಥಂಡಿಯಲ್ಲಿ ಕಲ್ಲು ಬೇಗ ಆರುವುದಿಲ್ಲ, ತೇವ ನಿಂತರೂ ಕೆಮ್ಮು. ಪೂಜೆಗೆ ಮೊದಲು ಇಡೀ ನೆಲ ಒರೆಸುವುದು ನಮ್ಮ ಮನೆಯ ಪದ್ಧತಿ. ಅದನ್ನೂ ಬದಲಿಸಿದೆ. ಮಣೆ ಹಾಕುವಷ್ಟು ಜಾಗ ಒರೆಸಿ ಲಿಂಗಪೂಜೆ, ಉಳಿದದ್ದು ಬಿಸಿಲು ಹೊಸ್ತಿಲು ದಾಟಿದ ಮೇಲೆ. ಶಿವ ಇದಕ್ಕೆ ಮುನಿಯುವವನಲ್ಲ.

ವಾಸನೆಯೇ ಇಲ್ಲ, ಒರೆಸಿದ್ದೀಯೋ ಇಲ್ಲವೋ ಎಂದರು ನಮ್ಮ ಮನೆಯವರು. ಅರಿವೆ ಹಿಂಡಿ ಹಿಂಡಿ ಥಂಡಿಗೆ ಸೀಳಿದ ಅಂಗೈ ತೋರಿಸಿದೆ.

ಜಡ್ಡು ಹೋಗಿಲ್ಲ. ಗುಳಿಗೆ ನಡೆದಿದೆ. ಮೋಡ ಹಾಕಿದ ದಿನ ಎದೆಯ ಸಿಳ್ಳೆ ಕೇಳುತ್ತದೆ. ಆದರೆ ನಿನ್ನೆ ಮಧ್ಯಾಹ್ನ, ಚಾಪೆಯ ಮೇಲೆ ಕುಳಿತಿದ್ದವರು ಬೆನ್ನ ಹಿಂದಿನ ದಿಂಬು ತಾವೇ ಸರಿಸಿ, ಅಂಗಾತ ಮಲಗಿದರು. ಬಾಯಿ ಮುಚ್ಚಿತ್ತು. ಉಸಿರು ಮೂಗಿನಿಂದಲೇ ಬರುತ್ತಿತ್ತು. ಬಾಗಿಲಲ್ಲಿ ನಿಂತು ನೋಡಿದೆ.

ರೊಟ್ಟಿ ಬಡಿಯುವ ಹೊತ್ತಾಗಿತ್ತು. ಸದ್ದಿಗೆ ಎಚ್ಚರಾದಾರೆಂದು ಅದನ್ನು ಬಿಟ್ಟು, ಮೊರದಲ್ಲಿ ತೊಗರಿಬೇಳೆ ಹರವಿಕೊಂಡು ಹರಳು ಆರಿಸಲು ಕುಳಿತೆ.