ಅಡುಗೆಮನೆಗೆ ಬಂದ ಒಣದ್ರಾಕ್ಷಿಯ ವೈನು

ಬೆಳಗಿನ ಜಾವ. ಭದ್ರಾವತಿಯ ಕಾಗದನಗರದ ಅತಿಥಿಗೃಹದಲ್ಲಿ ಚೌಡಮ್ಮ ಇಡ್ಲಿ ತಟ್ಟೆಗೆ ಎಣ್ಣೆ ಸವರುತ್ತಿದ್ದಾರೆ. ಇನ್ನೇನು ಸಾಹೇಬರುಗಳು ಏಳುತ್ತಾರೆ. ತಿಂಡಿ ಬಾಗಿಲಾಚೆ ಹೋಗುತ್ತದೆ, ಖಾಲಿ ತಟ್ಟೆ ವಾಪಸು ಬರುತ್ತದೆ. ಚಟ್ನಿ ಅರೆದವರು ಯಾರೆಂದು ಕೇಳಿದವರಿಲ್ಲ. "ಉಪ್ಪು ಕಮ್ಮಿಯಾದ್ರೆ ಮಾತ್ರ ನನ್ನ ನೆನಪಾಗ್ತದೆ ನೋಡಿ," ಎಂದು ನಗುತ್ತಾರೆ.

ಹೊಳಲೂರಿನ ಒಕ್ಕಲು ಮನೆತನದ ಹೆಣ್ಣು. ಗಂಡ ತೀರಿಕೊಂಡ ಮೇಲೆ ಈ ಒಲೆಯೇ ಸಂಸಾರ. ದಿನಕ್ಕೆ ನಲವತ್ತು ಜನಕ್ಕೆ ಬಡಿಸುವ ಕೈ, ಉಣ್ಣುವಾಗ ಮಾತ್ರ ಒಂಟಿ. ಜೊತೆಗೆ ಕೂತು ಉಂಡವಳು ಒಬ್ಬಳೇ: ತೊಂಬತ್ತೆಂಟನೇ ಇಸವಿಯಲ್ಲಿ ಇಲ್ಲಿನ ಕಾಗದದ ಕಾರ್ಖಾನೆಗೆ ಯಂತ್ರ ಜೋಡಿಸಲು ಬಂದಿದ್ದ ಇಟಲಿಯ ಎಂಜಿನಿಯರನ ಹೆಂಡತಿ ಕ್ಲಾರಾ.

ಗಂಡ ಕಾರ್ಖಾನೆಗೆ ಹೋದರೆ ಆಕೆಗೆ ಮಾತಿಗೆ ಜನವಿಲ್ಲ. ಒಂದು ಮಧ್ಯಾಹ್ನ ಅಡುಗೆಮನೆಗೇ ಬಂದು ಕೂತಳು, ಕೈಯಲ್ಲಿ ಕಪ್ಪುಗೆಂಪು ಬಾಟಲಿ. ಡಬ್ಬದ ಒಣದ್ರಾಕ್ಷಿ ತೋರಿಸಿ, ಬುಟ್ಟಿಯ ಹಸಿದ್ರಾಕ್ಷಿ ತೋರಿಸಿ, ಎರಡನ್ನೂ ಸೇರಿಸಿ ಮಾಡಿದ್ದೆಂದು ಕೈಸನ್ನೆ ಮಾಡಿದಳು. ಚೌಡಮ್ಮನಿಗೆ ಅರ್ಥವಾಗಿಯೇ ಹೋಯಿತು: ದ್ರಾಕ್ಷಾರಿಷ್ಟ! ನಿಶ್ಶಕ್ತಿಗೆ ವೈದ್ಯರು ಕೊಡುವ ಔಷಧಿ. ಪಥ್ಯ ತಪ್ಪಬಾರದೆಂದು ಊಟ ಮುಗಿಸಿ, ಎರಡು ಚಮಚಕ್ಕೆ ಅಷ್ಟೇ ನೀರು ಬೆರೆಸಿ, ಕಣ್ಣು ಮುಚ್ಚಿ ಕುಡಿದರು. ಕ್ಲಾರಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನೀರಿಲ್ಲದೆ ಲೋಟಕ್ಕೆ ಸುರಿದು, ಮೂಸಿ, ನಿಧಾನ ಗುಟುಕರಿಸುವುದನ್ನು ಹೇಳಿಕೊಟ್ಟಳು.

"ಮೊದ್ಲು ಒಗರು, ನೇರಳೆಹಣ್ಣು ತಿಂದಂಗೆ. ನುಂಗಿದ ಮೇಲೆ ಒಣದ್ರಾಕ್ಷಿ ಸಿಹಿ ಮೆಲ್ಲಗೆ ಬರ್ತದೆ. ಎದೆ ಬೆಚ್ಚಗಾಯ್ತು. ಇದು ಔಷಧಿ ಅಲ್ಲ ಅಂತ ಆಗ್ಲೇ ಗೊತ್ತಾಯ್ತು ಮಾರಾಯ್ರೆ."

ಆದರೂ ಬಾಟಲಿ ಮುಗಿಯುವತನಕ ಇಬ್ಬರೂ ದಿನಾ ಕೂತರು. ಊರ ಬಾಯಿಗೆ ಬೀಗ ಹಾಕುವವರಾರು? ಚೌಡಮ್ಮ ಹೆಂಡ ಕುಡಿಯುತ್ತಾಳೆಂಬ ಸುದ್ದಿ ಹೊಳಲೂರು ಮುಟ್ಟುವ ಹೊತ್ತಿಗೆ ಕ್ಲಾರಾ ತನ್ನ ದೇಶ ಸೇರಿದ್ದಳು. ಅಣ್ಣ ಕರಿಯಣ್ಣ ಓಡಿಬಂದ. ಕೆಟ್ಟವನಲ್ಲ, ಪಾರಾಗುವ ದಾರಿಯನ್ನೂ ಅವನೇ ಹುಡುಕಿ ತಂದಿದ್ದ. "ಔಷಧಿ ಅಂತ ತಿಳ್ಕೊಂಡು ಕುಡ್ದೆ ಅಂತ ನಾಲ್ಕು ಜನದ ಮುಂದೆ ಹೇಳ್ಬಿಡು. ಯುಗಾದಿಗೆ ಕರ್ಕೊಂಡು ಹೋಗ್ತೀನಿ."

ಚೌಡಮ್ಮ ಹೇಳಲಿಲ್ಲ. ಅಂದಿನಿಂದ ತವರಿನ ಕರೆ ಬಂದಿಲ್ಲ. ಹಬ್ಬದ ದಿನ ತಾವೇ ಹೋಳಿಗೆ ತಟ್ಟಿ ತಾವೊಬ್ಬರೇ ತಿನ್ನುವ ಸಂಕಟ ಅವರಿಗೇ ಗೊತ್ತು. ಅಣ್ಣನ ಮನೆ ಬೇಡವೆಂದಲ್ಲ, ಇವತ್ತು ಕರೆದರೂ ಹೊರಟಾರು. ಒಂದು ಮಾತಿಗೆ ಇಷ್ಟು ಹಟವೇ ಎಂದು ಕೇಳಿದರೆ, ತೊಳೆಯುತ್ತಿದ್ದ ಪಾತ್ರೆ ಬಿಟ್ಟು ತಿರುಗುತ್ತಾರೆ.

"ಮೊದಲ್ನೇ ಗುಟುಕು ಔಷಧಿ ಅಂತ ಕುಡ್ದಿದ್ದು ನಿಜ. ಉಳಿದಿದ್ದೆಲ್ಲ ಗೊತ್ತಿದ್ದೇ ಕುಡ್ದೆ. ನಂಗೋಸ್ಕರ ಇನ್ನೊಂದು ಲೋಟ ಇಟ್ಟು ಕಾಯ್ತಿದ್ಲು ಅವಳು. ಅದನ್ನ ಹೆಂಗೆ ತಪ್ಪು ಅನ್ಲಿ?"