ಗೋಡೆಯೊಳಗಿನ ನೀರು

ಶಿಕಾರಿಪುರದ ಗುಲಾಬ್ ಸಾಬರು ಬಾವಿ ತೋಡುವವರು. ತಾಲ್ಲೂಕಿನ ಅರ್ಧ ಬಾವಿಗಳಿಗೆ ಇಳಿದು ಹತ್ತಿದವರು. ಮೂವತ್ತು ವರ್ಷದಲ್ಲಿ ಅವರ ಗುಂಪಿನ ಒಬ್ಬರೂ ಸತ್ತಿರಲಿಲ್ಲ, ನಾನು ಅಲ್ಲಿಗೆ ಕೆಲಸಕ್ಕೆ ಬರುವವರೆಗೆ. ಹೌದು, ಕಾರಣ ನಾನೇ. ಸುತ್ತಿಬಳಸಿ ಹೇಳಿ ಏನು ಬಂತು?

ನೀರೆತ್ತಿದ ಬಾವಿಗೆ ಅವರು ತಕ್ಷಣ ಇಳಿಯುತ್ತಿರಲಿಲ್ಲ. ಉದ್ದನೆಯ ಬಿದಿರು ಗಳುವಿನಿಂದ ಗೋಡೆಯ ಮಣ್ಣು ಕೆರೆದು ತೆಗೆದು ಮುಷ್ಟಿಯಲ್ಲಿ ಹಿಂಡುವರು. ಬೆರಳ ಸಂದಿಯಲ್ಲಿ ನೀರು ಜಿನುಗಿದರೆ ಅಂದು ಕೆಲಸವಿಲ್ಲ. ಬೀಡಿ ಹಚ್ಚಿ ಕೂರುವರು. ಎತ್ತು ಕಟ್ಟಿ ಕಪಿಲೆಯಿಂದ ನೀರೆತ್ತುವ ಕಾಲದಲ್ಲಿ ಬಾವಿ ಬತ್ತಲು ವಾರ ಹಿಡಿಯುತ್ತಿತ್ತು, ಅಷ್ಟರಲ್ಲಿ ಗೋಡೆಯೂ ನೀರು ಬಿಟ್ಟುಕೊಡುತ್ತಿತ್ತು. ಆಮೇಲೆ ಡೀಸೆಲ್ ಪಂಪು ಬಂತು. ಅರ್ಧ ದಿನಕ್ಕೆ ಬಾವಿ ಖಾಲಿ.

ನಾನು ಡಿಪ್ಲೊಮಾ ಮುಗಿಸಿ ಬಾವಿ ಕೆಲಸದ ಅಳತೆಗೆ ಬಂದ ಹೊಸ ಓವರ್ಸಿಯರ್. ಗುಲಾಬ್ ಸಾಬರಿಗೆ ಪಾಠ ಒಪ್ಪಿಸಿದ್ದೆ: ಐವತ್ತು ವರ್ಷದ ಹಿಂದೆ ಇಸ್ತಾಂಬುಲ್‌ನಲ್ಲಿ ಒಬ್ಬ ಮೇಷ್ಟ್ರು ಸಿಗಾರ್ ಡಬ್ಬಿಗಳನ್ನಿಟ್ಟುಕೊಂಡು ಹಸಿ ಜೇಡಿಮಣ್ಣು ಒತ್ತಿ ಒತ್ತಿ ನೋಡಿದ. ಭಾರವನ್ನು ಮೊದಲು ಹೊರುವುದು ಮಣ್ಣಿನೊಳಗಿನ ನೀರು, ಅದು ಮೆಲ್ಲಗೆ ಹೊರಟ ಮೇಲೇ ಕಣಗಳು ಬಿಗಿಯುವುದು ಎಂದು ಕಂಡುಕೊಂಡ. ಆಮೇಲೆ ಬಂದವರು ಅದನ್ನು ದೊಡ್ಡ ಗಣಿತ ಮಾಡಿದರು.

“ಆ ಮೇಷ್ಟ್ರೂ ಬಾವಿ ತೋಡ್ತಿದ್ರೇನ್ರೀ?” ಎಂದು ಗುಲಾಬ್ ಸಾಬರು ನಕ್ಕಿದ್ದರು.

ಎಪ್ಪತ್ತನಾಲ್ಕರ ಏಪ್ರಿಲ್. ಉಡುತಡಿಯಲ್ಲಿ ಉಜ್ಜಪ್ಪ ಎಂಬ ರೈತರ ಬಾವಿಯನ್ನು ಆಳ ಮಾಡುವ ಕೆಲಸ. ಬೆಳಿಗ್ಗೆ ಪಂಪು ಹಾಕಿ ಮಧ್ಯಾಹ್ನಕ್ಕೆ ತಳ ಕಂಡಿತು. ನಾನು ಆಳ ಅಳೆದುಕೊಂಡು ಸೊರಬದ ಬಸ್ಸು ಹಿಡಿಯಬೇಕಿತ್ತು. ಗುಲಾಬ್ ಸಾಬರು ಮಣ್ಣು ಹಿಂಡಿ ಮುಷ್ಟಿ ಬಿಚ್ಚಿ ತೋರಿಸಿದರು. ಅಂಗೈ ಒದ್ದೆ.

“ಎರಡು ದಿನ ಬಿಡ್ರೀ ಸಾಹೇಬ್ರೇ.”

“ನೀರೇ ಇಲ್ವಲ್ರೀ, ಇನ್ನೇನು ಭಯ?”

“ಬಾವೀದು ಹೋಯ್ತ್ರೀ. ಗೋಡೇದು ಹೋಗಿಲ್ಲ.”

ಅಯ್ಯೋ, ನಾನು ಓದಿದ್ದೂ ಅದನ್ನೇ! ಆ ಪರೀಕ್ಷೆಯಲ್ಲಿ ನನಗೆ ಎಂಬತ್ತೆರಡು ಅಂಕ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರೆ. ನನಗೆ ಆ ಮುಕ್ಕಾಲು ಇರಲಿಲ್ಲ. ಅವರ ಬಾಯಲ್ಲಿ ಬಂದ ಮಾತು ಸೋಮಾರಿಯ ನೆಪದಂತೆ ಕೇಳಿಸಿತು. “ಅಳತೆ ಈಗಲೇ ಬೇಕು” ಎಂದು ಗದರಿದೆ.

ಅವರ ತಮ್ಮ ವಲೀಸಾಬ್ ಎದ್ದ. “ಇರ್ಲಿ ಬಿಡು ಭಾಯ್, ಟೇಪ್ ಹಿಡಿಯೋಕೆ ಎಷ್ಟೊತ್ತು?” ಅಣ್ಣ ತೋಳು ಹಿಡಿದರೂ ಬಿಡಿಸಿಕೊಂಡು ಇಳಿದ.

ಇಪ್ಪತ್ತೆಂಟು ಅಡಿ ಎಂದು ನಾನು ಬರೆದುಕೊಳ್ಳುತ್ತಿದ್ದಾಗ ಪಡುವಣ ಗೋಡೆ ಇಡಿಯಾಗಿ ಜಾರಿತು. ಟೇಪು ನನ್ನ ಕೈಯಿಂದ ಕಿತ್ತುಹೋಯಿತು. ಎರಡಾಳುದ್ದದ ಮಣ್ಣಿನ ಕೆಳಗಿಂದ ವಲೀಸಾಬನ ದನಿ ಬರಲೇ ಇಲ್ಲ. ಉಳಿದ ಗೋಡೆಗಳೂ ಬಿರಿದು ನಿಂತಿದ್ದವು.

ಗುದ್ದಲಿ ಹಿಡಿದು ಓಡಿ ಬಂದವರನ್ನು ಗುಲಾಬ್ ಸಾಬರು ಅಡ್ಡಗಟ್ಟಿದರು. ಸುದ್ದಿ ತಿಳಿದು ಬಂದ ತಮ್ಮನ ಹೆಂಡತಿ ಹಮೀದಾ ಎದೆ ಬಡಿದುಕೊಂಡಳು: “ಮಯ್ಯತ್ ಆದ್ರೂ ತೆಗೀರಿ ಭಾಯ್, ಇವತ್ತೇ ಮಣ್ಣು ಕೊಡ್ಬೇಕು!”

“ಈ ಬಾವಿಗೆ ಇನ್ನೊಬ್ರನ್ನ ಕೊಡಲ್ಲಮ್ಮ,” ಎಂದರು ಗುಲಾಬ್ ಸಾಬರು.

ಎರಡು ದಿನ ಬಾವಿಯ ಕಟ್ಟೆ ಬಿಟ್ಟು ಕದಲಲಿಲ್ಲ. ಗಳು ಇಳಿಸುವುದು, ಮಣ್ಣು ತೆಗೆಯುವುದು, ಹಿಂಡುವುದು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈಯಬಾರದಿತ್ತೇ ಆ ಪುಣ್ಯಾತ್ಮ!

ಮೂರನೆಯ ಬೆಳಿಗ್ಗೆ ಮತ್ತೊಮ್ಮೆ ಹಿಂಡಿ, ನೆಟ್ಟಗೆ ನನ್ನ ಮುಂದೆ ಬಂದು ಮುಷ್ಟಿ ಬಿಚ್ಚಿದರು. ಅಂಗೈ ಒಣಗಿತ್ತು.

“ಈಗ ಇಳೀಬೋದ್ರೀ ಸಾಹೇಬ್ರೇ,” ಎಂದು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ತಾವೇ ಇಳಿದರು.