ಆಯುಧಪೂಜೆಗೆ ಅಳಿಸಿದ ಬಸ್ಸು

ಮಾಡ್ ಮ್ಯಾನೇಜರ್ ಬರೆದ ಪುಣ್ಯಾತ್ಮ ಯಾರೆಂದು ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಬಂಗಾರಪೇಟೆಗೆ ಕರೆಸಿ ನಮ್ಮ ಕಂಪ್ಯೂಟರಿನ ಮುಂದೆ ಒಂದು ಇಡೀ ಭಾನುವಾರ ಕೂರಿಸುತ್ತಿದ್ದೆ. ಬಸ್ಸು ಹಾಕಿದರೆ ರಸ್ತೆ ಮಾಯ. ರಸ್ತೆ ಸರಿಮಾಡಿದರೆ ಬಸ್ಸಿಗೆ ಬಾಗಿಲಿಲ್ಲ. ಪಟ್ಟಿಯಲ್ಲಿ ಯಾವುದು ಮೇಲಿರಬೇಕು, ಯಾವುದು ಕೆಳಗಿರಬೇಕು ಅನ್ನುವುದರಲ್ಲೇ ನನ್ನ ಅರ್ಧ ಆಯಸ್ಸು ಕಳೆದಿದೆ.

ನಾನು ಆಡುವುದು ಬಸ್ಸು ಓಡಿಸುವ ಆಟ. ನಲವತ್ತು ದಾಟಿದ ಹೆಂಗಸು, ಹೈಸ್ಕೂಲಿನಲ್ಲಿ ಗಣಿತ ಹೇಳುವವಳು, ಮನೆಗೆ ಬಂದು ಬಸ್ಸು ಓಡಿಸುತ್ತಾಳೆ ಎಂದು ನಗುವವರು ನಗಲಿ. ಆಟದ ಜೊತೆ ಬಂದದ್ದು ಯಾವುದೋ ಹಿಮ ಬೀಳುವ ದೇಶದ ನುಣುಪು ರಸ್ತೆ. ನಮಗೆ ಬೇಕಾದದ್ದನ್ನು ನಾವೇ ತಯಾರಿಸಿ ಅದಕ್ಕೆ ಸೇರಿಸಬಹುದು. ಹಾಗೆ ಸೇರಿಸುವ ತುಂಡಿಗೆ ಮಾಡ್ ಎನ್ನುತ್ತಾರೆ, ಅವನ್ನು ಹಾಕುವುದಕ್ಕೂ ತೆಗೆಯುವುದಕ್ಕೂ ಇರುವುದೇ ಈ ಮ್ಯಾನೇಜರ್. ಎರಡು ಬೇಸಿಗೆ ರಜೆ ಕೂತು ನಾನು ಬೂದಿಕೋಟೆಯಿಂದ ಬಂಗಾರಪೇಟೆ ಮೇಲೆ ಹಾದು ಚಿನ್ನದ ಗಣಿಯ ಕೋರಮಂಡಲ್‌ಗೆ ಹೋಗುವ ರಸ್ತೆ ಮಾಡಿದೆ. ಅದರ ಮೇಲೆ ಓಡಲು ಒಂದು ಹಳದಿ ಬಸ್ಸು ಮಾಡಿದೆ. ಅಪ್ಪ ಇಪ್ಪತ್ತೆಂಟು ವರ್ಷ ಕಂಡಕ್ಟರಾಗಿದ್ದದ್ದು ಅಂಥದೇ ಹಳದಿ ಬಸ್ಸಿನಲ್ಲಿ.

ಆ ಮಾಡ್‌ನೊಳಗೆ ಅಪ್ಪನ ದನಿಯಿತ್ತು. ಗಂಟಲಿನ ಆಪರೇಷನ್ನಿಗೆ ಮೂರು ದಿನ ಮುಂಚೆ ಬಾಯಿಗೆ ಮೊಬೈಲು ಹಿಡಿದು ಕೂಗಿಸಿಕೊಂಡಿದ್ದೆ. ಒಂದೊಂದೇ ಸ್ಟಾಪಿನ ಹೆಸರು ಹೇಳಿ ಕೊನೆಗೆ, "ಕೋರಮಂಡ್ಲು ಕೋರಮಂಡ್ಲು! ಅತ್ರಿ ಅತ್ರಿ! ಎಕ್ಕಂಡಮ್ಮಾ! ಏರುಂಗ ಏರುಂಗ! ರೈಟ್!" ಕನ್ನಡದವರು, ತೆಲುಗಿನವರು, ತಮಿಳಿನವರು ಎಲ್ಲರೂ ಅವನ ಒಂದೇ ಉಸಿರಿಗೆ ಬಸ್ಸು ಹತ್ತಬೇಕಿತ್ತು. ಆಪರೇಷನ್ ಆದಮೇಲೆ ಅಪ್ಪನಿಗೆ ಉಳಿದದ್ದು ಪಿಸುಮಾತು. ಸಂಜೆ ನಾನು ಆಡುವಾಗ ಪಕ್ಕದ ಕುರ್ಚಿಯಲ್ಲಿ ಕೂತು ತನ್ನ ಹಳೆಯ ದನಿ ಕೇಳುತ್ತಿದ್ದ. ಬಾಗಿಲು ಮುಚ್ಚುವ ಮೊದಲೇ ಬಸ್ಸು ಬಿಟ್ಟರೆ ನನ್ನ ಮೊಣಕೈಗೆ ಹೊಡೆಯುತ್ತಿದ್ದ.

ಹೋದ ವರ್ಷ ಆಟಕ್ಕೆ ಹೊಸ ಅಪ್‌ಡೇಟ್ ಬಂತು. ಯಾರು ಕೇಳಿದ್ದರೋ ಕಾಣೆ. ನನ್ನ ಬಸ್ಸಿನ ಮುಂದೆ ಮ್ಯಾನೇಜರ್ ಕೆಂಪು ಗುರುತು ಹಾಕಿ, ಇದು ಇನ್ನು ನಡೆಯುವುದಿಲ್ಲ ಎಂದಿತು. ದಸರಾ ರಜೆಯಲ್ಲಿ ರಿಪೇರಿ ಮಾಡೋಣವೆಂದು ಅದನ್ನು ಪಟ್ಟಿಯಲ್ಲೇ ಆಫ್ ಮಾಡಿಟ್ಟೆ. ದನಿ ಹಿಡಿದ ಮೊಬೈಲು ಅಷ್ಟರಲ್ಲಾಗಲೇ ಕಲಗಚ್ಚಿನ ಬಕೆಟ್ಟಿಗೆ ಬಿದ್ದು ಸತ್ತಿತ್ತು. ಬಸ್ಸಿನೊಳಗೆ ಇದೆಯಲ್ಲ ಎಂಬ ಭಂಡ ಧೈರ್ಯ ನನಗೆ.

ಆಯುಧಪೂಜೆ ಬಂತು. ಆ ದಿನ ಅಮ್ಮನ ಮುಂದೆ ಯಾರ ಆಟವೂ ನಡೆಯುವುದಿಲ್ಲ. ಕುಡುಗೋಲು, ಹಾಲಿನ ಕ್ಯಾನು, ಹೊಲಿಗೆ ಮಿಷನ್ನು ಎಲ್ಲ ಅಂಗಳಕ್ಕೆ ಬಂದು ತೊಳೆಸಿಕೊಳ್ಳಬೇಕು.

"ವರ್ಸೆಲ್ಲ ಮುಟ್ದಿರೋದು ಮನೇಲಿ ಇರ್ಬಾರ್ದು ಕಣೇ. ನಿನ್ ಪೆಟ್ಟಿಗೇಲೂ ಏನೇನ್ ತುಂಬ್ಕಂಡೈತೋ, ತೆಗ್ದಾಕು," ಎಂದಳು.

ಸರಿ, ಇದನ್ನೂ ಮಾಡಿ ಮುಗಿಸೋಣ ಎಂದು ಮ್ಯಾನೇಜರ್ ತೆರೆದೆ. ಆಫ್ ಆಗಿದ್ದ ಮಾಡ್‌ಗಳು ಉದ್ದಕ್ಕೆ ಬಿದ್ದಿದ್ದವು. ಒಟ್ಟಿಗೆ ಹಿಡಿದು ತೆಗೆ ಎಂದೆ. ತೆಗೆಯಲೇ ಎಂದು ಕೇಳಿತು. ಮೂಲ ಫೈಲನ್ನೂ ಅಳಿಸಲೇ ಎಂದು ಕೇಳಿತು. ನಿಜವಾಗಿಯೂ ಅಳಿಸಲೇ ಎಂದು ಮತ್ತೆ ಕೇಳಿತು. ಹಾಕುವಾಗ ಒಂದು ಮಾತೂ ಕೇಳದ ಇದಕ್ಕೆ ತೆಗೆಯುವಾಗ ಇಷ್ಟು ತನಿಖೆ ಏಕೆ ಎಂದು ರೇಗಿ, ಎಲ್ಲಕ್ಕೂ ಹೌದು ಒತ್ತಿದೆ. ಕಸದ ಬುಟ್ಟಿ ತುಂಬಿಟ್ಟುಕೊಂಡು ಪೂಜೆ ಎಂಥದ್ದು ಎಂದು ಅದನ್ನೂ ಖಾಲಿ ಮಾಡಿದೆ.

ಅಮ್ಮ ಕಂಪ್ಯೂಟರಿಗೆ ವಿಭೂತಿ ಬಳಿದು, ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿದಳು. ಗಾಡಿಗಳಿಗೆ ಇಡುವಂತೆ ಇದಕ್ಕೂ ನಿಂಬೆಹಣ್ಣು ಇಡಬೇಕಲ್ಲ. ನನ್ನ ಕುರ್ಚಿಗೆ ಚಕ್ರಗಳಿವೆ ಎಂದು ಅವಳಿಗೆ ನೆನಪಾಯಿತು. ಅದರ ಕೆಳಗೆ ನಿಂಬೆಹಣ್ಣಿಟ್ಟು, ನನ್ನನ್ನೇ ಕೂರಿಸಿ ತಳ್ಳಿದಳು. ಹಣ್ಣು ಅಪ್ಪಚ್ಚಿಯಾಯಿತು. ಆಗ ಅಪ್ಪ ಬಗ್ಗಿ ಕಿವಿಯಲ್ಲಿ ಪಿಸುಗುಟ್ಟಿದ.

"ನಾಳೆ ನಮ್ ಬಸ್ ಆಚೆಗ್ ತೆಗೀತೀಯಾ? ಅಳ್ದಿ ಬಸ್ಸು."

ಪೂಜೆಗೆ ಮುಂಚೆ ಅಳಿಸಿದ್ದರಲ್ಲಿ ಆ ಬಸ್ಸೂ ಇತ್ತು. ಕಂಪ್ಯೂಟರಿನ ಸ್ವಿಚ್ಚಿಗೆ ಕೈ ಚಾಚಿದೆ. ಅಮ್ಮ ಕೈ ಮೇಲೇ ಹೊಡೆದಳು.

"ಪೂಜೆ ಆಗಿರೋದನ್ನ ಮುಟ್ತೀಯಾ? ಬೆಳಿಗ್ಗೆ ಊವ ತೆಗ್ಯೋಗಂಟ ಕೈ ಇಕ್ಬೇಡ."

ಏನಾಗಿದೆ ಎಂದು ಅಪ್ಪನೆದುರು ಹೇಗೆ ಹೇಳಲಿ? ಆ ದಿನವೆಲ್ಲ ಹಾರ ಹಾಕಿಕೊಂಡು ಮದುಮಗನಂತೆ ಕೂತಿದ್ದ ಆ ಡಬ್ಬಾವನ್ನು ನೋಡುತ್ತ ಮ್ಯಾನೇಜರಿಗೆ, ಅಮ್ಮನಿಗೆ, ಎಲ್ಲಕ್ಕಿಂತ ಹೆಚ್ಚಾಗಿ ನನಗೇ ಬೈದುಕೊಂಡೆ. ಮಕ್ಕಳಿಗೆ ಪ್ರಶ್ನೆಯನ್ನು ಎರಡು ಸಲ ಓದಿ ಉತ್ತರ ಬರೆಯಿರಿ ಎಂದು ಹೇಳಿಕೊಡುವ ಮೇಡಂ ನಾನು.

ಬೆಳಿಗ್ಗೆ ಹೂವು ತೆಗೆದದ್ದೇ ತಡ, ಅಳಿಸಿದ ಫೈಲು ಹುಡುಕುವ ತಂತ್ರಾಂಶ ಹಾಕಿದೆ. ಹೆಸರು ಸಿಕ್ಕಿತು, ಗಾತ್ರವೂ ಸರಿಯಿತ್ತು. ಒತ್ತಿದರೆ ಅಪ್ಪನ ದನಿಯ ಬದಲು ಗರಗರ ಸದ್ದು, ಅಷ್ಟೆ. ಹನ್ನೊಂದು ಸಲ ಒತ್ತಿದೆ. ಅಪ್ಪ ಪಕ್ಕದಲ್ಲೇ ಬಂದು ಕೂತಿದ್ದ.

"ನಾನೇ ಅಳಿಸಿಬಿಟ್ಟೆ ಅಪ್ಪ. ನಿನ್ನ ದನಿ ಹೋಯ್ತು," ಎಂದೆ.

ಅಪ್ಪ ಪರದೆಯನ್ನು ನೋಡಿದ. "ಓಗ್ಲಿ ಬಿಡಮ್ಮ," ಎಂದು ಪಿಸುಗುಟ್ಟಿದ. ಅವನು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಬಾಡಿದ ಹಾರ ಕೈಯಲ್ಲಿ ಹಿಡಿದು ಅಮ್ಮ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. "ಅದೇನ್ ಮಾ ವಿದ್ಯೆ? ಪೋನ್ ಇಡ್ಕ, ನಾನ್ ಯೋಳ್ತೀನಿ," ಎಂದವಳೇ ಬಾಯಿ ತೆರೆದಳು. ಸಂತೆ ಗೇಟು, ರೈಲ್ವೆ ಗೇಟು, ಆಸ್ಪತ್ರೆ ಗೇಟು, ಅತ್ರಿ, ಎಕ್ಕಂಡಿ, ಏರುಂಗ. ಅದೇ ಎಳೆತ, ಅದೇ ಅವಸರ. ಮನೆಯಲ್ಲಿ ಇಷ್ಟು ದಿನ ಇನ್ನೊಬ್ಬ ಕಂಡಕ್ಟರು ಇದ್ದದ್ದು ನನಗೆ ಗೊತ್ತೇ ಇರಲಿಲ್ಲ.

ಅಪ್ಪ ಕೈಯೆತ್ತಿ ತಡೆದ. "ಉಣಸೇಮರ ಬಿಟ್ಬುಟ್ಟೆ."

"ಅದ್ಯಾವ್ ಸ್ಟಾಪು? ನಿನ್ ಊಟದ್ ಕ್ಯಾರಿಯರ್ ಇಡ್ಕಂಡು ಮದ್ಯಾನ ನಾನೊಬ್ಳೇ ನಿಂತ್ಕಂತಿದ್ದುದ್ದು ಅಲ್ಲಿ."

"ಅದ್ಕೇ ಬಸ್ ನಿಲ್ತಿದ್ದುದ್ದು."

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಮೊದಲಿಂದ ಕೂಗಿದಳು. ಈ ಸಲ ಹುಣಸೇಮರ ಬಂತು. ಕೊನೆಗೆ ಅವಳು ರೈಟ್ ಎನ್ನುವಷ್ಟರಲ್ಲಿ ಅಪ್ಪ ನನ್ನ ಕೈಯಿಂದ ಫೋನು ಎಳೆದುಕೊಂಡು, ಬಾಯಿಗೆ ಒತ್ತಿ ಹಿಡಿದು, ತಾನೇ ಹೇಳಿದ. "ರೈಟ್."

ಆಪರೇಷನ್ ಆದ ಮೇಲೆ ಅವನ ದನಿಯನ್ನು ನಾನು ಒಮ್ಮೆಯೂ ಹಿಡಿದಿಟ್ಟಿರಲಿಲ್ಲ. ಈ ಪಿಸುಮಾತನ್ನು ಕೇಳಿಸಿಕೊಳ್ಳಲಾರದೆ ಆ ಹಳೆಯ ದನಿಯನ್ನು ಬಚ್ಚಿಟ್ಟುಕೊಂಡಿದ್ದೆ. ನಾಚಿಕೆಯಾಯಿತು.

ಹೊಸ ಬಸ್ಸನ್ನು ಮಾಡಿ ಆಟಕ್ಕೆ ಸೇರಿಸಲು ಉಳಿದ ರಜೆಯೆಲ್ಲ ಹಿಡಿಯಿತು. ಮ್ಯಾನೇಜರ್ ಏಳು ಸಲ ಕೆಂಪು ಗುರುತು ಹಾಕಿತು, ಏಳು ಸಲವೂ ಅದರ ವಂಶವನ್ನೆಲ್ಲ ಬೈದೆ. ಈಗ ಆ ಫೈಲು ನಾಲ್ಕು ಕಡೆ ಇದೆ. ಬಸ್ಸು ಹುಣಸೇಮರದಲ್ಲಿ ನಿಲ್ಲುತ್ತದೆ. ಅಪ್ಪನ ರೈಟ್ ಕೇಳಬೇಕಾದರೆ ಎಂಜಿನ್ನಿನ ಸದ್ದು ಇಳಿಸಬೇಕು. ಇಳಿಸುತ್ತೇನೆ.